ಜೀವರಸಾಯನಶಾಸ್ತ್ರ ಮತ್ತು ಅಣುಜೀವಶಾಸ್ತ್ರದಲ್ಲಿ ಪಿಎಚ್‌.ಡಿ.: ಸಿದ್ಧತೆಯಿಂದ ಮೊದಲ ವರ್ಷದವರೆಗೆ

ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದು, ಮುಂದೆ ಸಂಶೋಧನೆಗೆ ಹೋಗಬೇಕೆಂದುಕೊಂಡಿರುವ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಅವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಪ್ರವೇಶ ಪರೀಕ್ಷೆಯ ಸುತ್ತಲೇ ಇರುತ್ತವೆ. ಪರೀಕ್ಷೆ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಪಿಎಚ್‌.ಡಿ.ಗೆ ಐದಾರು ವರ್ಷ ಬೇಕು. ಆ ವರ್ಷಗಳು ಹೇಗೆ ಸಾಗುತ್ತವೆ ಎಂಬುದು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ: ಒಂದು ಪ್ರಶ್ನೆಯನ್ನು ಪ್ರಯೋಗವಾಗಿ ರೂಪಿಸುವ ಅಭ್ಯಾಸ ನಿಮಗೆ ಎಷ್ಟಿದೆ, ಮತ್ತು ನೀವು ಯಾವ ಮಾರ್ಗದರ್ಶಕರ ಪ್ರಯೋಗಾಲಯವನ್ನು ಸೇರುತ್ತೀರಿ. ಪರೀಕ್ಷೆಯ ವಿವರಗಳನ್ನೂ ಇಲ್ಲಿ ಕೊಟ್ಟಿದ್ದೇನೆ, ಆದರೆ ಹೆಚ್ಚು ಜಾಗವನ್ನು ಈ ಎರಡಕ್ಕೇ ಮೀಸಲಿಟ್ಟಿದ್ದೇನೆ.

ಈ ವಿಷಯದಲ್ಲಿ ಸಂಶೋಧನೆ ಮಾಡಲು ಕರ್ನಾಟಕದ ವಿದ್ಯಾರ್ಥಿ ಬಹಳ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗ 1921ರಷ್ಟು ಹಿಂದಿನದು. ಪ್ರೋಟೀನ್ ರಚನೆಯ ಅಧ್ಯಯನಕ್ಕೆ ರಾಮಚಂದ್ರನ್ ನಕ್ಷೆಯನ್ನು ಕೊಟ್ಟ ಜಿ.ಎನ್. ರಾಮಚಂದ್ರನ್ ಅದೇ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ಘಟಕವನ್ನು ಕಟ್ಟಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಕಾಂಡಕೋಶ ಸಂಶೋಧನೆಯ ಇನ್‌ಸ್ಟೆಮ್, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಮೈಸೂರಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇವೆ. ಮೈಸೂರು, ಧಾರವಾಡ, ಶಂಕರಘಟ್ಟ, ದಾವಣಗೆರೆ, ತುಮಕೂರಿನ ವಿಶ್ವವಿದ್ಯಾಲಯಗಳಲ್ಲಿಯೂ ಜೀವರಸಾಯನಶಾಸ್ತ್ರ ವಿಭಾಗಗಳಿವೆ.

ತಳಹದಿಯನ್ನು ಗಟ್ಟಿ ಮಾಡಿಕೊಳ್ಳುವುದು

ಪರೀಕ್ಷೆಯ ಅರ್ಜಿ ತುಂಬುವುದಕ್ಕೆ ಒಂದು ವರ್ಷ ಮೊದಲೇ ಈ ಕೆಲಸ ಶುರುವಾಗಬೇಕು. ಚಯಾಪಚಯ ಕ್ರಿಯೆಯ ಹಾದಿಗಳನ್ನೆಲ್ಲ ಬಾಯಿಪಾಠ ಮಾಡಿದವರು ಕೂಡ ಸರಳ ಲೆಕ್ಕಗಳಲ್ಲಿ ಎಡವುತ್ತಾರೆ. ಆದ್ದರಿಂದ ಮೊದಲು ಲೆಕ್ಕಗಳನ್ನು ಹಿಡಿಯಿರಿ. 1 ಮೋಲಾರ್‌ನ ಸ್ಟಾಕ್‌ನಿಂದ (ಮೊದಲೇ ಗಟ್ಟಿಯಾಗಿ ಮಾಡಿಟ್ಟ ದ್ರಾವಣದಿಂದ) 10 ಮಿಲಿಮೋಲಾರ್‌ನ 100 ಮಿಲಿಲೀಟರ್ ದ್ರಾವಣ ಮಾಡಲು 1 ಮಿಲಿಲೀಟರ್ ಸ್ಟಾಕ್ ಸಾಕು ಎಂಬುದು ಕಾಗದವಿಲ್ಲದೆ ಹೊಳೆಯಬೇಕು. ಒಂದು ಅಮೈನೋ ಆಮ್ಲದ ಘಟಕಕ್ಕೆ ಸರಾಸರಿ 110 ಡಾಲ್ಟನ್ ಎಂದು ಹಿಡಿದರೆ, 300 ಘಟಕಗಳ ಪ್ರೋಟೀನ್ ಜೆಲ್‌ನಲ್ಲಿ ಸುಮಾರು 33 ಕಿಲೋಡಾಲ್ಟನ್ ಬಳಿ ಕಾಣಬೇಕು. ಅದು 60ರ ಹತ್ತಿರ ಕಂಡರೆ ಏನೇನು ಕಾರಣಗಳಿರಬಹುದು ಎಂದು ನೀವೇ ಬರೆದು ನೋಡಿ. ಎರಡೆಳೆಯ ಡಿಎನ್‌ಎ ದ್ರಾವಣ 260 ನ್ಯಾನೋಮೀಟರ್ ತರಂಗಾಂತರದಲ್ಲಿ 1 ಎಂಬ ಹೀರಿಕೆ ತೋರಿಸಿದರೆ ಅದರ ಸಾಂದ್ರತೆ ಮಿಲಿಲೀಟರ್‌ಗೆ ಸುಮಾರು 50 ಮೈಕ್ರೋಗ್ರಾಂ. ಪ್ರಯೋಗಾಲಯದಲ್ಲಿ ಪ್ರತಿದಿನ ಬಳಕೆಯಾಗುವುದು ಇಂಥ ಅಂಕಿಗಳೇ.

ಬಫರ್‌ಗಳ, ಅಂದರೆ ಪಿಎಚ್ (ಆಮ್ಲೀಯತೆಯ ಅಳತೆ) ಬದಲಾಗದಂತೆ ಹಿಡಿದಿಡುವ ದ್ರಾವಣಗಳ, ವಿಷಯಕ್ಕೆ ವಿಶೇಷ ಗಮನ ಕೊಡಿ. ಅಣುಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಸುವ ಟ್ರಿಸ್ ಬಫರ್‌ನ ಪಿಕೆಎ ಮೌಲ್ಯ (ಬಫರ್ ಅತ್ಯಂತ ಚೆನ್ನಾಗಿ ಕೆಲಸ ಮಾಡುವ ಪಿಎಚ್) 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8.1. ಉಷ್ಣತೆ ಒಂದು ಡಿಗ್ರಿ ಏರಿದಂತೆಲ್ಲ ಅದು ಸುಮಾರು 0.03ರಷ್ಟು ಇಳಿಯುತ್ತದೆ. ಆದ್ದರಿಂದ ಕೋಣೆಯ ಉಷ್ಣತೆಯಲ್ಲಿ ಪಿಎಚ್ ಮಾಪಕ ಇಟ್ಟು 8.0ಕ್ಕೆ ಹೊಂದಿಸಿದ ಟ್ರಿಸ್ ಬಫರ್, 4 ಡಿಗ್ರಿಯ ತಣ್ಣನೆ ಕೋಣೆಗೆ ಹೋದಾಗ 8.6ರ ಹತ್ತಿರ ಬಂದಿರುತ್ತದೆ, ಮತ್ತು ಅಲ್ಲಿ ಪ್ರೋಟೀನ್ ಶುದ್ಧೀಕರಿಸುತ್ತಿರುವ ವಿದ್ಯಾರ್ಥಿ ತನ್ನ ಕಿಣ್ವ ಏಕೆ ನಿರೀಕ್ಷಿಸಿದಂತೆ ವರ್ತಿಸುತ್ತಿಲ್ಲವೆಂದು ವಾರಗಟ್ಟಲೆ ತಲೆಕೆಡಿಸಿಕೊಳ್ಳುತ್ತಾನೆ. ಪಠ್ಯಪುಸ್ತಕದ ಸಮೀಕರಣ ಬೆಂಚಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಇದರ ಜೊತೆಗೆ ಹಳೆಯ ಮಹತ್ವದ ಪ್ರಯೋಗಗಳನ್ನು ಮೂಲ ಪ್ರಬಂಧಗಳಲ್ಲಿಯೇ ಓದಿ. ಡಿಎನ್‌ಎ ಹೇಗೆ ನಕಲಾಗುತ್ತದೆ ಎಂದು ತಿಳಿಯಲು ಮೆಸೆಲ್ಸನ್ ಮತ್ತು ಸ್ಟಾಲ್ ಮಾಡಿ 1958ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆರಂಭಿಸುವುದು ಒಳ್ಳೆಯದು. ಭಾರವಾದ ಸಾರಜನಕದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹಗುರ ಸಾರಜನಕಕ್ಕೆ ವರ್ಗಾಯಿಸಿ ಅವರು ಡಿಎನ್‌ಎಯ ಸಾಂದ್ರತೆಯನ್ನು ಅಳೆದರು. ಮೊದಲ ತಲೆಮಾರಿನಲ್ಲಿ ನಡುವಿನ ಸಾಂದ್ರತೆಯ ಒಂದೇ ಪಟ್ಟಿ ಬಂದಾಗ, ಹಳೆಯ ಎರಡೆಳೆಯೂ ಒಟ್ಟಿಗೇ ಉಳಿಯುತ್ತದೆ ಎಂಬ ಊಹೆ ಬಿದ್ದುಹೋಯಿತು. ಎರಡನೇ ತಲೆಮಾರಿನಲ್ಲಿ ನಡುವಿನ ಪಟ್ಟಿಯೊಂದಿಗೆ ಹಗುರ ಪಟ್ಟಿಯೂ ಕಂಡಾಗ, ಹಳೆಯದು ಚೂರುಚೂರಾಗಿ ಎಲ್ಲೆಡೆ ಹಂಚಿಹೋಗುತ್ತದೆ ಎಂಬ ಊಹೆಯೂ ಉಳಿಯಲಿಲ್ಲ. ಇದನ್ನು ಓದುವಾಗ ಮೊದಲ ತಲೆಮಾರಿಗೇ ಪ್ರಯೋಗ ನಿಲ್ಲಿಸಿದ್ದರೆ ಯಾವ ತೀರ್ಮಾನ ಸಾಧ್ಯವಾಗುತ್ತಿರಲಿಲ್ಲ ಎಂದು ಕೇಳಿಕೊಳ್ಳಿ. ಸಂಶೋಧನಾ ಪ್ರಬಂಧದ ಪ್ರತಿ ಚಿತ್ರವನ್ನೂ ಹೀಗೆಯೇ ಪ್ರಶ್ನಿಸುವ ರೂಢಿ ಬಂದರೆ ಅರ್ಧ ತರಬೇತಿ ಆದಂತೆಯೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪ್ರಬಂಧಗಳು ಆರಂಭದಲ್ಲಿ ಕಠಿಣವೆನಿಸುತ್ತವೆ. ಒಂದು ಪ್ರಬಂಧವನ್ನು ಆರಿಸಿಕೊಂಡು, ಪ್ರತಿ ಚಿತ್ರದ ಕೆಳಗೆ ‘ಇಲ್ಲಿ ಏನನ್ನು ಕೇಳಿದ್ದಾರೆ, ಏನು ಮಾಡಿದ್ದಾರೆ, ಏನು ಕಂಡಿದ್ದಾರೆ’ ಎಂದು ಮೂರು ಸಾಲು ಕನ್ನಡದಲ್ಲಿ ಬರೆಯಿರಿ. ಅರ್ಥವಾಗಿಲ್ಲದ್ದು ಎಲ್ಲಿದೆ ಎಂಬುದು ಸ್ವಂತ ಭಾಷೆಯಲ್ಲಿ ಬರೆಯಹೊರಟಾಗ ಕೂಡಲೇ ಬಯಲಾಗುತ್ತದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಏಕೆಂದರೆ ಸಂದರ್ಶನ ನಡೆಯುವುದು ಆ ಭಾಷೆಯಲ್ಲಿ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಲಕ್ಷಾಂತರ ಪ್ರಬಂಧಗಳು, ಬಯೋಆರ್ಕೈವ್‌ನಲ್ಲಿ ಮುದ್ರಣಪೂರ್ವ ಹಸ್ತಪ್ರತಿಗಳು, ಎನ್‌ಪಿಟಿಇಎಲ್ ಜಾಲತಾಣದಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ಪ್ರೋಟೀನ್ ಡೇಟಾ ಬ್ಯಾಂಕ್, ಯೂನಿಪ್ರಾಟ್, 20 ಕೋಟಿಗೂ ಹೆಚ್ಚು ಊಹಿತ ರಚನೆಗಳಿರುವ ಆಲ್ಫಾಫೋಲ್ಡ್ ಭಂಡಾರಗಳಿಗೂ ಹಣ ಕೊಡಬೇಕಾಗಿಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಉಪಕರಣಗಳಿಲ್ಲದಿದ್ದರೂ ಒಂದು ಪ್ರೋಟೀನನ್ನು ಆರಿಸಿಕೊಂಡು ಅದರ ಅನುಕ್ರಮ, ರಚನೆ, ವಿಕಾಸದ ನಂಟುಗಳನ್ನು ಗಣಕಯಂತ್ರದ ಮುಂದೆಯೇ ಅಧ್ಯಯನ ಮಾಡಬಹುದು.

ಪ್ರಯೋಗಾಲಯದ ಅನುಭವ

ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಮತ್ತು ಜಕ್ಕೂರಿನ ಕೇಂದ್ರದ ಬೇಸಿಗೆ ಫೆಲೋಶಿಪ್‌ಗಳಿಗೆ ಹಿಂದಿನ ಚಳಿಗಾಲದಲ್ಲಿಯೇ ಅರ್ಜಿ ಹಾಕಬೇಕಾಗುತ್ತದೆ. ಮಾರ್ಚ್‌ನಲ್ಲಿ ನೆನಪಾದರೆ ತಡವಾಗಿರುತ್ತದೆ. ಇವು ಸಿಗದಿದ್ದರೆ ಪ್ರಾಧ್ಯಾಪಕರಿಗೆ ನೇರವಾಗಿ ಬರೆಯಿರಿ. ಐವತ್ತು ಮಂದಿಗೆ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ. ಐದೇ ಮಂದಿಯನ್ನು ಆರಿಸಿ, ಪ್ರತಿಯೊಬ್ಬರ ಒಂದು ಇತ್ತೀಚಿನ ಪ್ರಬಂಧ ಓದಿ, ಅದರಲ್ಲಿ ನಿಮಗೆ ಮೂಡಿದ ನಿಜವಾದ ಪ್ರಶ್ನೆಯನ್ನು ಎರಡು ವಾಕ್ಯದಲ್ಲಿ ಬರೆದು, ನೀವು ಯಾವ ತಿಂಗಳಿಂದ ಎಷ್ಟು ಕಾಲ ಬರಬಲ್ಲಿರಿ ಎಂದು ಸ್ಪಷ್ಟವಾಗಿ ತಿಳಿಸಿ. ಎಂಟು ವಾರದಲ್ಲಿ ದೊಡ್ಡ ಫಲಿತಾಂಶ ಬರಬೇಕೆಂದೇನೂ ಇಲ್ಲ. ಒಂದು ಪ್ರಯೋಗ ಮೂರು ಸಲ ಕೆಟ್ಟ ಮೇಲೂ ನಾಲ್ಕನೇ ಸಲ ಮಾಡಲು ನಿಮಗೆ ಮನಸ್ಸಾಗುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆಗುವುದಿಲ್ಲವೆಂದು ತಿಳಿದರೂ ಅದು ಬಹಳ ಬೆಲೆಯುಳ್ಳ ತಿಳಿವಳಿಕೆ: ಎಂ.ಎಸ್ಸಿ. ನಂತರ ಔಷಧ ಕಂಪನಿಗಳಲ್ಲಿ, ರೋಗಪತ್ತೆ ಕ್ಷೇತ್ರದಲ್ಲಿ, ಬೋಧನೆಯಲ್ಲಿ ಗೌರವದ ಕೆಲಸಗಳಿವೆ, ಅವುಗಳಿಗೆ ಪಿಎಚ್‌.ಡಿ. ಅನಿವಾರ್ಯವಲ್ಲ.

ಪರೀಕ್ಷೆಗಳು

ಬಿ.ಎಸ್ಸಿ. ಮುಗಿಸುತ್ತಿರುವವರಿಗೆ ಎರಡು ದಾರಿಗಳಿವೆ. ಸಿಯುಇಟಿ-ಪಿಜಿ, ಗ್ಯಾಟ್-ಬಿ, ಜಾಮ್ ಪರೀಕ್ಷೆಗಳ ಮೂಲಕ ಎಂ.ಎಸ್ಸಿ. ಸೇರುವುದು ಒಂದು, ಎಂ.ಎಸ್ಸಿ. ಮತ್ತು ಪಿಎಚ್‌.ಡಿ. ಎರಡನ್ನೂ ಒಂದೇ ಕಡೆ ಮುಗಿಸುವ ಇಂಟಿಗ್ರೇಟೆಡ್ ಪಿಎಚ್‌.ಡಿ. ಇನ್ನೊಂದು. ಭಾರತೀಯ ವಿಜ್ಞಾನ ಸಂಸ್ಥೆ ಈ ಎರಡನೆಯದಕ್ಕೆ ಜಾಮ್ ಅಂಕಗಳನ್ನು ಪರಿಗಣಿಸುತ್ತದೆ, ಎನ್‌ಸಿಬಿಎಸ್‌ಗೆ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನಡೆಸುವ ಜೆಜೀಬಿಲ್ಸ್ ಪರೀಕ್ಷೆ ಬರೆಯಬೇಕು.

ಎಂ.ಎಸ್ಸಿ. ಆದವರಿಗೆ ಮುಖ್ಯವಾದದ್ದು ಸಿಎಸ್‌ಐಆರ್-ಯುಜಿಸಿ ನೆಟ್‌ನ (ರಾಷ್ಟ್ರೀಯ ಅರ್ಹತಾ ಪರೀಕ್ಷೆಯ) ಜೀವವಿಜ್ಞಾನ ಪತ್ರಿಕೆ. ಮೂರು ಗಂಟೆಯ, 200 ಅಂಕಗಳ ಈ ಪರೀಕ್ಷೆಯಲ್ಲಿ ಮೂರು ಭಾಗಗಳಿವೆ. ಮೊದಲ ಭಾಗದ 20 ಸಾಮಾನ್ಯ ಸಾಮರ್ಥ್ಯದ ಪ್ರಶ್ನೆಗಳಲ್ಲಿ 15ಕ್ಕೆ, ಎರಡನೇ ಭಾಗದ 50ರಲ್ಲಿ 35ಕ್ಕೆ ಉತ್ತರಿಸಬೇಕು. ಇವೆರಡರಲ್ಲೂ ಪ್ರಶ್ನೆಗೆ 2 ಅಂಕ. ಮೂರನೇ ಭಾಗದಲ್ಲಿ 75 ಪ್ರಶ್ನೆಗಳಿದ್ದು 25ಕ್ಕೆ ಮಾತ್ರ ಉತ್ತರಿಸಬೇಕು, ಪ್ರತಿಯೊಂದಕ್ಕೆ 4 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ. ಅರ್ಧದಷ್ಟು ಅಂಕ ಮೂರನೇ ಭಾಗದಲ್ಲಿಯೇ ಇರುವುದರಿಂದ, ಮತ್ತು ಅಲ್ಲಿನ ಪ್ರಶ್ನೆಗಳು ಪ್ರಯೋಗದ ದತ್ತಾಂಶ ಕೊಟ್ಟು ತೀರ್ಮಾನ ಕೇಳುವುದರಿಂದ, ಪಠ್ಯಕ್ರಮದ 13 ಘಟಕಗಳನ್ನೂ ಮೇಲುಮೇಲೆ ಓದುವ ಬದಲು ಏಳೆಂಟನ್ನು ಆಳವಾಗಿ ಓದುವುದು ಜಾಣತನ. ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗೆ ಅಣುಗಳು, ಕೋಶ ರಚನೆ, ಮೂಲಭೂತ ಪ್ರಕ್ರಿಯೆಗಳು, ಕೋಶ ಸಂಜ್ಞೆ, ಆನುವಂಶಿಕತೆ, ಪ್ರಯೋಗ ವಿಧಾನಗಳು ಸಹಜ ಆಯ್ಕೆ. ಇವುಗಳ ಜೊತೆ ಶರೀರಕ್ರಿಯೆಯ ಒಂದು ಘಟಕವನ್ನೂ ವಿಕಾಸವನ್ನೂ ಸೇರಿಸಿಕೊಳ್ಳಿ.

2024ರ ಜೂನ್‌ನಿಂದ ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಜೊತೆಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌.ಡಿ. ಪ್ರವೇಶ, ಕೇವಲ ಪಿಎಚ್‌.ಡಿ. ಪ್ರವೇಶ. ಕೊನೆಯ ಎರಡು ವರ್ಗದವರ ಪ್ರವೇಶಕ್ಕೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30ರ ಪ್ರಮಾಣವಿದೆ, ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಫೆಲೋಶಿಪ್ ಸಿಗುವುದು ಮೊದಲ ವರ್ಗಕ್ಕೆ ಮಾತ್ರ ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿಡಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಬೆಟ್ ಪರೀಕ್ಷೆ ಇನ್ನೊಂದು ಫೆಲೋಶಿಪ್ ದಾರಿ. ಗೇಟ್ ಪರೀಕ್ಷೆಯಲ್ಲಿ ಜೈವಿಕ ತಂತ್ರಜ್ಞಾನ ಅಥವಾ ಜೀವವಿಜ್ಞಾನ ಪತ್ರಿಕೆ ಬರೆಯಬಹುದು. ಜೀವವಿಜ್ಞಾನ ಪತ್ರಿಕೆಯಲ್ಲಿ ರಸಾಯನಶಾಸ್ತ್ರ ಕಡ್ಡಾಯ, ಅದರ ಜೊತೆ ಜೀವರಸಾಯನಶಾಸ್ತ್ರವೂ ಸೇರಿದಂತೆ ಎರಡು ಭಾಗಗಳನ್ನು ಆರಿಸಿಕೊಳ್ಳಬಹುದು. ವಯೋಮಿತಿ, ದಿನಾಂಕ, ಮೀಸಲಾತಿ ಪ್ರಮಾಣಪತ್ರದ ನಮೂನೆಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಿ.

ಮಾರ್ಗದರ್ಶಕರ ಆಯ್ಕೆ

ಇಡೀ ಪಯಣದಲ್ಲಿ ಅತ್ಯಂತ ದೊಡ್ಡ ನಿರ್ಧಾರ ಇದೇ, ಮತ್ತು ಅತ್ಯಂತ ಕಡಿಮೆ ಯೋಚನೆ ಮಾಡಿ ತೆಗೆದುಕೊಳ್ಳುವ ನಿರ್ಧಾರವೂ ಇದೇ. ಹೆಸರಾಂತ ಸಂಸ್ಥೆಯಲ್ಲಿ ಹೊಂದಿಕೆಯಾಗದ ಪ್ರಯೋಗಾಲಯ ಸೇರುವುದಕ್ಕಿಂತ, ವಿಶ್ವವಿದ್ಯಾಲಯದ ಸಣ್ಣ ವಿಭಾಗದಲ್ಲಿ ವಿದ್ಯಾರ್ಥಿಯ ಜೊತೆ ಕುಳಿತು ದತ್ತಾಂಶ ನೋಡುವ ಮಾರ್ಗದರ್ಶಕರ ಬಳಿ ಕೆಲಸ ಮಾಡುವುದು ಮೇಲು ಎಂದು ನಾನು ದೃಢವಾಗಿ ನಂಬುತ್ತೇನೆ.

ಮೊದಲಿಗೆ ಪ್ರಶ್ನೆಯನ್ನು ನೋಡಿ. ‘ಕ್ರಿಸ್ಪರ್ (ಜೀನ್ ತಿದ್ದುವ ತಂತ್ರ) ಕಲಿಯಬೇಕು’ ಎಂಬುದು ಆಸೆ. ಅದು ಸಂಶೋಧನೆಯ ಪ್ರಶ್ನೆಯಾಗುವುದಿಲ್ಲ. ತಂತ್ರಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ. ಕೋಶ ತನ್ನ ಕೆಟ್ಟ ಪ್ರೋಟೀನ್‌ಗಳನ್ನು ಹೇಗೆ ಗುರುತಿಸುತ್ತದೆ, ಒಂದೇ ಜೀನ್ ಒಂದು ಅಂಗಾಂಶದಲ್ಲಿ ಮಾತನಾಡಿ ಇನ್ನೊಂದರಲ್ಲಿ ಏಕೆ ಸುಮ್ಮನಿರುತ್ತದೆ ಎಂಬಂಥ ಪ್ರಶ್ನೆಗಳು ನಿಮ್ಮನ್ನು ಐದು ವರ್ಷ ಹಿಡಿದಿಡಬೇಕು.

ಆಮೇಲೆ ಯಾವ ಜೀವಿಯ ಮೇಲೆ ಕೆಲಸ ಎಂಬುದನ್ನು ನೋಡಿ, ಏಕೆಂದರೆ ಆ ಜೀವಿಯ ಗಡಿಯಾರವೇ ನಿಮ್ಮ ಗಡಿಯಾರವಾಗುತ್ತದೆ. ಇ. ಕೋಲೈ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ, ಯೀಸ್ಟ್ ಸುಮಾರು 90 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ; ಹಣ್ಣುನೊಣ 25 ಡಿಗ್ರಿಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು 10 ದಿನ ಬೇಕು; ಇಲಿಯ ಗರ್ಭಾವಧಿಯೇ ಮೂರು ವಾರ, ಅಲ್ಲಿಂದ ಮರಿಗಳು ಬೆಳೆದು ಮುಂದಿನ ಸಂಕರಕ್ಕೆ ಸಿದ್ಧವಾಗಲು ಮತ್ತೆ ವಾರಗಳು. ಇಲಿಗಳಲ್ಲಿ ಮೂರು ಜೀನ್‌ಗಳನ್ನು ಒಟ್ಟಿಗೆ ತೆಗೆದುಹಾಕುವ ಯೋಜನೆಗೆ ಒಪ್ಪುವ ಮೊದಲು ಈ ವಾರಗಳನ್ನು ಕಾಗದದ ಮೇಲೆ ಕೂಡಿಸಿ ನೋಡಿ. ಇಲಿಯ ಕೆಲಸ ಬೇಡವೆಂದು ಹೇಳುತ್ತಿಲ್ಲ, ಕೆಲವು ಪ್ರಶ್ನೆಗಳಿಗೆ ಬೇರೆ ದಾರಿಯೇ ಇಲ್ಲ. ಆದರೆ ಪ್ರಯೋಗಾಲಯದಲ್ಲಿ ಆ ತಳಿಗಳು ಈಗಾಗಲೇ ಇವೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಮೂರನೆಯದಾಗಿ, ಆ ಗುಂಪಿನ ಕಳೆದ ಐದು ವರ್ಷದ ಪ್ರಬಂಧಗಳನ್ನು ತೆರೆದು ಮೊದಲ ಲೇಖಕರು ಯಾರೆಂದು ನೋಡಿ. ಅವರು ವಿದ್ಯಾರ್ಥಿಗಳೇ, ಪ್ರತಿ ವಿದ್ಯಾರ್ಥಿಗೂ ಒಂದಾದರೂ ಸ್ವಂತ ಪ್ರಬಂಧ ಸಿಕ್ಕಿದೆಯೇ, ಅವರು ಈಗ ಎಲ್ಲಿದ್ದಾರೆ? ಪ್ರಕಟವಾದ ಪ್ರಬಂಧಗಳನ್ನು ಚರ್ಚಿಸುವ ಪಬ್‌ಪಿಯರ್ ಜಾಲತಾಣದಲ್ಲಿ ಆ ಗುಂಪಿನ ಚಿತ್ರಗಳ ಬಗ್ಗೆ ಉತ್ತರವಿಲ್ಲದ ಪ್ರಶ್ನೆಗಳಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಿ. ನಂತರ ಈಗಿರುವ ವಿದ್ಯಾರ್ಥಿಗಳ ಜೊತೆ, ಮಾರ್ಗದರ್ಶಕರು ಇಲ್ಲದಾಗ, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಮಾತನಾಡಿ. ಸರ್ ಅಥವಾ ಮೇಡಂ ವಾರಕ್ಕೊಮ್ಮೆ ಕೂತು ಮಾತನಾಡುತ್ತಾರೆಯೇ, ಇಬ್ಬರಿಗೆ ಒಂದೇ ಸಮಸ್ಯೆ ಕೊಟ್ಟು ಪೈಪೋಟಿಗೆ ಬಿಡುತ್ತಾರೆಯೇ, ರಾಸಾಯನಿಕಗಳಿಗೆ ಹಣ ಇದೆಯೇ, ಊರಿಗೆ ಹೋಗಲು ರಜೆ ಕೇಳಿದರೆ ಏನಾಗುತ್ತದೆ, ಹಿಂದಿನವರು ಎಷ್ಟು ವರ್ಷದಲ್ಲಿ ಮುಗಿಸಿದರು ಎಂದು ಕೇಳಿ. ಉತ್ತರಕ್ಕಿಂತ ಮೊದಲು ಬರುವ ಮೌನವನ್ನೂ ಗಮನಿಸಿ. ಒಬ್ಬರ ಮಾತನ್ನೇ ನಂಬದೆ ಇಬ್ಬರು ಮೂವರನ್ನು ವಿಚಾರಿಸಿ.

ವಿದ್ಯಾರ್ಥಿನಿಯರು ಇನ್ನೊಂದಿಷ್ಟು ವಿಚಾರಿಸಬೇಕಾಗುತ್ತದೆ. 1933ರಲ್ಲಿ ಕಮಲಾ ಭಾಗವತ್ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಆಗಿನ ನಿರ್ದೇಶಕ ಸಿ.ವಿ. ರಾಮನ್, ಆಕೆ ಹೆಣ್ಣುಮಗಳೆಂಬ ಕಾರಣಕ್ಕೆ, ಪ್ರವೇಶ ನಿರಾಕರಿಸಿದ್ದರು. ಪಟ್ಟು ಹಿಡಿದ ಮೇಲೆ ಒಂದು ವರ್ಷದ ಮಟ್ಟಿಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು ಸಸ್ಯಗಳಲ್ಲಿನ ಸೈಟೋಕ್ರೋಮ್ ಸಿ ಕುರಿತ ಕೆಲಸಕ್ಕೆ ಕೇಂಬ್ರಿಜ್‌ನಿಂದ 1939ರಲ್ಲಿ ಪಿಎಚ್‌.ಡಿ. ಪಡೆದರು. ಇಂದು ನಿಯಮಗಳು ವಿದ್ಯಾರ್ಥಿನಿಯರ ಪರವಾಗಿವೆ: ಯುಜಿಸಿಯ 2022ರ ನಿಯಮಾವಳಿ ಪಿಎಚ್‌.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಮಕ್ಕಳ ಆರೈಕೆಯ ರಜೆಗೆ, ಮತ್ತು ಗರಿಷ್ಠ ಅವಧಿಯಲ್ಲಿ 2 ವರ್ಷಗಳ ಸಡಿಲಿಕೆಗೆ ಅವಕಾಶ ಕೊಟ್ಟಿದೆ. ನಿಯಮ ಪುಸ್ತಕದಲ್ಲಿರುವುದು ಆ ಪ್ರಯೋಗಾಲಯದಲ್ಲಿಯೂ ನಡೆಯುತ್ತದೆಯೇ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿನಿಯರನ್ನೇ ಕೇಳಿ.

ಸಂದರ್ಶನ

ಸಂದರ್ಶಕರು ಸಾಮಾನ್ಯವಾಗಿ ‘ನಿಮಗೆ ಇಷ್ಟವಾದ ವಿಷಯ ಯಾವುದು’ ಎಂದು ಶುರುಮಾಡಿ, ನಿಮ್ಮ ತಿಳಿವಳಿಕೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಯವರೆಗೆ ಕರೆದೊಯ್ಯುತ್ತಾರೆ. ಕಿಣ್ವಗಳು ಎಂದರೆ, ಬೋರ್ಡಿನ ಮೇಲೆ ಮೈಕೇಲಿಸ್–ಮೆಂಟನ್ ರೇಖೆ (ತಲಾಧಾರ, ಅಂದರೆ ಕಿಣ್ವ ಬದಲಿಸುವ ವಸ್ತು, ಹೆಚ್ಚಿದಂತೆ ಕ್ರಿಯೆಯ ವೇಗ ಏರುವುದನ್ನು ತೋರಿಸುವ ರೇಖೆ) ಬರೆಯಿರಿ ಎನ್ನುತ್ತಾರೆ. ಅಕ್ಷಗಳಿಗೆ ಹೆಸರು ಬರೆಯದೆ ರೇಖೆ ಎಳೆಯಬೇಡಿ. ಸ್ಪರ್ಧಾತ್ಮಕ ಪ್ರತಿಬಂಧಕ ಸೇರಿಸಿದರೆ ಗರಿಷ್ಠ ವೇಗ ಹಾಗೆಯೇ ಉಳಿದು ಕೆಎಂ ಮೌಲ್ಯ (ಗರಿಷ್ಠ ವೇಗದ ಅರ್ಧ ತಲುಪಲು ಬೇಕಾದ ತಲಾಧಾರದ ಸಾಂದ್ರತೆ) ಏರಿದಂತೆ ಕಾಣುತ್ತದೆ ಎಂದು ನೀವು ಹೇಳಿದ ಕೂಡಲೇ, ‘ಏಕೆ’ ಎಂದು ಕೇಳುತ್ತಾರೆ. ತಲಾಧಾರದ ಪ್ರಮಾಣ ಸಾಕಷ್ಟು ಹೆಚ್ಚಿದರೆ ಅದು ಪ್ರತಿಬಂಧಕವನ್ನು ಕ್ರಿಯಾಸ್ಥಾನದಿಂದ ಹೊರಗಿಡುತ್ತದೆ ಎಂಬ ವಿವರಣೆ ನಿಮ್ಮ ಬಾಯಿಂದ ಬರಬೇಕು. ಆಮೇಲೆ ‘ಈ ಪ್ರತಿಬಂಧಕ ಯಾವ ಬಗೆಯದೆಂದು ಗೊತ್ತಿಲ್ಲ, ಪ್ರಯೋಗ ರೂಪಿಸಿ’ ಎನ್ನುತ್ತಾರೆ. ಇಲ್ಲಿ ಅವರು ಕಾಯುವುದು ನಿಯಂತ್ರಣ ಪ್ರಯೋಗಗಳಿಗಾಗಿ: ಪ್ರತಿಬಂಧಕವನ್ನು ಕರಗಿಸಿದ ದ್ರಾವಕವನ್ನಷ್ಟೇ ಸೇರಿಸಿದ ನಳಿಕೆ, ಕಿಣ್ವವಿಲ್ಲದ ನಳಿಕೆ, ಕುದಿಸಿದ ಕಿಣ್ವದ ನಳಿಕೆ. ಇವನ್ನು ಕೇಳದೆಯೇ ಹೇಳುವ ಅಭ್ಯರ್ಥಿಯ ಕಡೆ ಇಡೀ ಸಮಿತಿ ತಲೆಯೆತ್ತಿ ನೋಡುತ್ತದೆ.

ಎಂ.ಎಸ್ಸಿ. ಪ್ರಾಜೆಕ್ಟಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಪ್ರತಿಯೊಂದು ರಾಸಾಯನಿಕವನ್ನು ಏಕೆ ಹಾಕಿದಿರಿ ಎಂಬುದಕ್ಕೆ ಉತ್ತರ ಸಿದ್ಧವಿರಲಿ. ‘ಪ್ರೊಟೊಕಾಲ್‌ನಲ್ಲಿ ಇತ್ತು’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ‘ಆದರೆ ಹೀಗೆ ಯೋಚಿಸಬಹುದು’ ಎಂದು ಮುಂದುವರಿಯಿರಿ. ಇಂಗ್ಲಿಷ್ ತಡವರಿಸಿದರೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿ. ಒಳ್ಳೆಯ ಸಮಿತಿಗೆ ಬೇಕಾಗಿರುವುದು ನಿಮ್ಮ ಯೋಚನೆ.

ಹೊರದೇಶಕ್ಕೆ ಹೋಗುವವರು

ಅಮೆರಿಕದಲ್ಲಿ ಪದವಿಯ ನಂತರ ನೇರವಾಗಿ ಪಿಎಚ್‌.ಡಿ. ಸೇರಬಹುದು. ಅರ್ಜಿಗಳು ಬಹುತೇಕ ಡಿಸೆಂಬರ್‌ನಲ್ಲಿ ಮುಗಿಯುತ್ತವೆ, ಜಿಆರ್‌ಇ ಪರೀಕ್ಷೆ ಅನೇಕ ಕಡೆ ಬೇಕಾಗಿಲ್ಲ, ಶುಲ್ಕ ವಿನಾಯಿತಿಯೊಂದಿಗೆ ಜೀವನವೇತನವೂ ಸಿಗುತ್ತದೆ. ಮೊದಲ ವರ್ಷ ಎರಡು ಮೂರು ಪ್ರಯೋಗಾಲಯಗಳಲ್ಲಿ ಸರದಿಯಂತೆ ಕೆಲಸ ಮಾಡಿ ನಂತರ ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಪದ್ಧತಿ ಅಲ್ಲಿನ ದೊಡ್ಡ ಅನುಕೂಲ. ಜರ್ಮನಿಯಲ್ಲಿ ಸಾಮಾನ್ಯವಾಗಿ ಎಂ.ಎಸ್ಸಿ. ಬೇಕು, ಅವಧಿ ಮೂರರಿಂದ ನಾಲ್ಕು ವರ್ಷ. ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಶಾಲೆಗಳು ಮತ್ತು ಹೈಡಲ್‌ಬರ್ಗ್‌ನ ಇಎಂಬಿಎಲ್ (ಯುರೋಪಿನ ಅಣುಜೀವಶಾಸ್ತ್ರ ಪ್ರಯೋಗಾಲಯ) ಹೊರದೇಶದವರಿಗೆ ತೆರೆದಿವೆ. ಎಲ್ಲೆಡೆಯೂ ನಿರ್ಣಾಯಕವಾದದ್ದು ಶಿಫಾರಸು ಪತ್ರ. ನಿಮ್ಮನ್ನು ಬೆಂಚಿನ ಬಳಿ ಕಂಡವರು ಬರೆದ ಪತ್ರಕ್ಕೆ ಇರುವ ತೂಕ, ಹುದ್ದೆಯಲ್ಲಿ ದೊಡ್ಡವರು ಬರೆದ ಬರಿಯ ಹೊಗಳಿಕೆಗೆ ಇರುವುದಿಲ್ಲ.

ಹಣದ ಲೆಕ್ಕ

2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಪ್ರಗತಿಯ ಮೌಲ್ಯಮಾಪನವಾಗಿ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದರೆ 42,000. ಹಾಸ್ಟೆಲ್ ಇಲ್ಲದವರಿಗೆ ಊರಿನ ದರ್ಜೆಗೆ ತಕ್ಕ ಮನೆಬಾಡಿಗೆ ಭತ್ಯೆಯೂ ಇದೆ. ಒಟ್ಟು ಅವಧಿ ಐದು ವರ್ಷ. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುವುದುಂಟು. ಸೇರುವಾಗಲೇ ಮೂರು ನಾಲ್ಕು ತಿಂಗಳ ಖರ್ಚಿಗಾಗುವಷ್ಟು ಇಟ್ಟುಕೊಳ್ಳಿ. ಐದು ವರ್ಷ ಮೀರಿದರೆ ಪ್ರಯೋಗಾಲಯ ಹಣ ಕೊಡುತ್ತದೆಯೇ ಎಂದು ಸೇರುವ ಮೊದಲೇ ಕೇಳಿ, ಏಕೆಂದರೆ ಈ ವಿಷಯದಲ್ಲಿ ಆರನೇ ವರ್ಷ ಅಪರೂಪವಲ್ಲ.

ಮೊದಲ ವರ್ಷ

ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್‌ಗಳಿರುತ್ತವೆ, ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪಾಠವೂ ಅದರಲ್ಲಿ ಸೇರಿದೆ. ಸಾಂಖ್ಯಿಕ ವಿಶ್ಲೇಷಣೆ ಮತ್ತು ಆರ್ ಅಥವಾ ಪೈಥಾನ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಅವಕಾಶವಿದ್ದರೆ ಅದನ್ನು ಬಿಡಬೇಡಿ. ಮೂರನೇ ವರ್ಷ ಆರ್‌ಎನ್‌ಎ ಅನುಕ್ರಮದ ದತ್ತಾಂಶ ಕೈಗೆ ಬಂದಾಗ ಕಲಿಯಲು ಸಮಯವಿರುವುದಿಲ್ಲ.

ಸುರಕ್ಷತೆಯನ್ನು ಹಿರಿಯರ ಚಾಳಿ ನೋಡಿ ಕಲಿಯಬೇಡಿ, ನಿಯಮ ಓದಿ ಕಲಿಯಿರಿ. ಗಟ್ಟಿಯಾಗದ ಅಕ್ರಿಲಮೈಡ್ ನರಮಂಡಲಕ್ಕೆ ವಿಷ. ಡಿಎನ್‌ಎಗೆ ಅಂಟಿಕೊಳ್ಳುವ ಬಣ್ಣವಾದ ಎಥಿಡಿಯಂ ಬ್ರೋಮೈಡ್ ಮುಟ್ಟಿದ ಕೈಗವಸಿನಲ್ಲಿ ಬಾಗಿಲ ಹಿಡಿಕೆ ಮುಟ್ಟಬಾರದು. ದ್ರವ ಸಾರಜನಕವನ್ನು ಗಾಳಿಯಾಡದ ಸಣ್ಣ ಕೋಣೆಯಲ್ಲಿ ಸುರಿದರೆ ಅದು ಆವಿಯಾಗಿ ಉಸಿರಾಡುವ ಗಾಳಿಯಲ್ಲಿನ ಆಮ್ಲಜನಕವನ್ನೇ ಕಡಿಮೆ ಮಾಡುತ್ತದೆ. ರಾತ್ರಿ ಒಬ್ಬರೇ ಇರುವಾಗ ಅಪಾಯದ ಕೆಲಸ ಮಾಡಬೇಡಿ.

ಲ್ಯಾಬ್ ನೋಟ್‌ಬುಕ್‌ಗೆ ಮೊದಲ ದಿನದಿಂದಲೇ ಶಿಸ್ತು ಬೇಕು. ದಿನಾಂಕ, ಪ್ರಯೋಗದ ಉದ್ದೇಶ, ಪ್ರತಿಕಾಯದ ಲಾಟ್ ಸಂಖ್ಯೆ, ಕೋಶಗಳನ್ನು ಎಷ್ಟನೇ ಸಲ ವರ್ಗಾಯಿಸಿದ್ದು, ಮಾದರಿ ಮೈನಸ್ 80 ಫ್ರೀಜರ್‌ನ ಯಾವ ಅಟ್ಟದ ಯಾವ ಪೆಟ್ಟಿಗೆಯಲ್ಲಿದೆ ಎಂಬುದನ್ನೆಲ್ಲ ಅದೇ ದಿನ ಬರೆಯಿರಿ. ಕೆಟ್ಟ ಫಲಿತಾಂಶವನ್ನೂ ಅಂಟಿಸಿ. ಎರಡು ವರ್ಷದ ನಂತರ ಅದೇ ಅರ್ಥಪೂರ್ಣವಾಗಿ ಕಾಣಬಹುದು. ಪ್ರೋಟೀನ್ ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟ್‌ನ ಕತ್ತರಿಸದ ಮೂಲ ಚಿತ್ರವನ್ನು ಎರಡು ಬೇರೆ ಬೇರೆ ಕಡೆ ಉಳಿಸಿಡಿ, ಏಕೆಂದರೆ ಈಗ ಅನೇಕ ನಿಯತಕಾಲಿಕೆಗಳು ಪ್ರಕಟಣೆಗೆ ಮೊದಲು ಅದನ್ನು ಕೇಳುತ್ತವೆ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹೋಗುವಾಗ ಅಂದವಾದ ಸ್ಲೈಡುಗಳಿಗಿಂತ ಈ ನೋಟ್‌ಬುಕ್ ಹೆಚ್ಚು ನೆರವಾಗುತ್ತದೆ. ಯೋಜನೆ ನಿಂತುಹೋಗಿದೆ ಅನ್ನಿಸಿದರೆ ಅದನ್ನು ಆ ಸಭೆಯಲ್ಲಿಯೇ ಬಾಯಿಬಿಟ್ಟು ಹೇಳಿ, ಪರ್ಯಾಯ ಪ್ರಶ್ನೆಯೊಂದನ್ನು ನೀವೇ ಮುಂದಿಡಿ, ಮತ್ತು ಅಲ್ಲಿ ಆದ ತೀರ್ಮಾನವನ್ನು ಅದೇ ಸಂಜೆ ಸಮಿತಿಯ ಎಲ್ಲರಿಗೂ ಮಿಂಚಂಚೆಯಲ್ಲಿ ಬರೆದು ಕಳಿಸಿ.